ಹುಳದ ಮಾತ್ರೆಗೆ ಎರಡು ದಿನ ಮೊದಲು

ಆಗಿನ ಮನೆಗಳಲ್ಲಿ ಮಕ್ಕಳಿಗೆ ಹಾಸಿಗೆ ಅಂತ ಇರುತ್ತಿರಲಿಲ್ಲ, ಸಾಲು ಇರುತ್ತಿತ್ತು. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಜಮಖಾನ ಬಿಡಿಸಿದರೆ ಮುಗಿಯಿತು, ಮನೆಯ ಮಕ್ಕಳು, ಬಂದ ನೆಂಟರ ಮಕ್ಕಳು ಎಲ್ಲ ಅದರ ಮೇಲೇ. ಯಾರ ಕಾಲು ಯಾರ ಹೊಟ್ಟೆಯ ಮೇಲೆ, ಯಾರ ಜಡೆ ಯಾರ ಬೆನ್ನಿನ ಕೆಳಗೆ, ಕೇಳುವವರಿರಲಿಲ್ಲ. ನೀವೂ ಅಂಥ ಸಾಲಿನಲ್ಲಿ ಮಲಗಿದವರಾದರೆ ನಾನು ಹೇಳುವುದು ಅರ್ಥವಾಗುತ್ತದೆ. ಮಲಗದವರು, ಪಾಪ, ಏನು ಕಳೆದುಕೊಂಡಿದ್ದೀರೋ ನಿಮಗೇ ಗೊತ್ತಿಲ್ಲ.

ನಮ್ಮದು ಪಂಚನಹಳ್ಳಿ ಕಡೆಯ ಒಂದು ಹಳ್ಳಿ. ತೆಂಗಿನ ತೋಟ, ಅದರಾಚೆ ಒಂದಿಷ್ಟು ರಾಗಿ ಹೊಲ. ಮನೆಯ ಯಜಮಾನಿಕೆ ದೊಡ್ಡಮ್ಮನದು, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿಯದು. ಅವರಿಗೆ ಮಕ್ಕಳಿರಲಿಲ್ಲ. ಅದಕ್ಕೇ ಇರಬೇಕು, ಮನೆಯ ಎಲ್ಲ ಮಕ್ಕಳ ಮೇಲೂ ಅಧಿಕಾರ ಅವರದೇ. ನಮ್ಮಮ್ಮ ಅವರೆದುರು ದನಿ ಎತ್ತಿದ್ದನ್ನು ನಾನು ಕಂಡೇ ಇಲ್ಲ. ಸಾಲಿನಲ್ಲಿ ನಾವು ನಾಲ್ಕು ಜನ. ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು, ಆಮೇಲೆ ನಾನು, ಗೋಡೆಯ ಪಕ್ಕಕ್ಕೆ ಜಯ.

ಜಯ ನಮ್ಮ ಸೋದರತ್ತೆಯ ಮಗಳು. ಅತ್ತೆಯನ್ನು ಕೊಟ್ಟಿದ್ದು ಅಜ್ಜಂಪುರದ ಆಚೆಯ ಒಂದು ಸಣ್ಣ ಊರಿಗೆ. ಅಲ್ಲಿ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿತ್ತು, ನಮ್ಮೂರಲ್ಲಿ ಏಳರವರೆಗೆ ಇತ್ತು. ಹಾಗಾಗಿ ಐದನೇ ಕ್ಲಾಸಿಗೆ ಜಯ ಒಂದು ತಗಡಿನ ಟ್ರಂಕು ಹೊತ್ತುಕೊಂಡು ನಮ್ಮನೆಗೆ ಬಂದಳು. ಇಬ್ಬರಿಗೂ ಹತ್ತು ವರ್ಷ. ನಾನು ಮಾತಿನಮಲ್ಲಿ, ಅವಳು ಮೆತ್ತಗಿನವಳು. ಆದರೆ ಲೆಕ್ಕದಲ್ಲಿ ನೋಡಬೇಕಿತ್ತು ಅವಳನ್ನು! ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ನಮ್ಮ ಕಡೆ ತಿರುಗುವಷ್ಟರಲ್ಲಿ ಅವಳ ಸ್ಲೇಟಿನಲ್ಲಿ ಉತ್ತರ ಇರುತ್ತಿತ್ತು. ನಾನು ಪಾಸಾಗುತ್ತಿದ್ದದ್ದು ಆ ಸ್ಲೇಟಿನ ಕಡೆ ಕಣ್ಣು ಹಾಯಿಸಿ. ಮನೆಗೆ ಬಂದಮೇಲೆ ಹಿತ್ತಲಲ್ಲಿ ಸುಲಿಯಲು ಗುಡ್ಡೆ ಹಾಕಿದ್ದ ತೆಂಗಿನಕಾಯಿಗಳನ್ನು ಸಾಲಾಗಿ ಕೂರಿಸಿ ಅವುಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು.

"ನಾನು ಟೀಚರ್ ಆಗ್ತೀನಿ ಕಣೇ" ಅನ್ನುತ್ತಿದ್ದಳು.

"ಆಗು. ನಾನೇನಾಗ್ಲಿ?"

"ನೀನು ಬೆಲ್ ಹೊಡಿಯೋಳಾಗು."

ಎಷ್ಟು ನಕ್ಕಿದ್ದೇವೋ ಆ ಮಾತಿಗೆ.

ಆ ವರ್ಷದ ಮಾಗಿ. ಅವರೆಕಾಯಿಯ ಕಾಲ. ಸೊಗಡಿನ ಕಾಯಿಯ ರಾಶಿಯ ಸುತ್ತ ಕೂತು ಬಿಡಿಸಿ ಬಿಡಿಸಿ ಬೆರಳ ತುದಿಯೆಲ್ಲ ಕಪ್ಪಾಗಿ ಜಿಗುಟಾಗುತ್ತಿತ್ತು, ಎರಡು ದಿನ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಬೆಳಗ್ಗೆ ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕಿ ಅದರ ಮುಂದೆ ನಾವಿಬ್ಬರೂ ಕೈ ಕಾಯಿಸಿಕೊಳ್ಳುತ್ತ ಕೂರುತ್ತಿದ್ದೆವು. ಒಳಗೆ ಅಮ್ಮ ತಟ್ಟುವ ರಾಗಿರೊಟ್ಟಿಯ ಸದ್ದು. ಬಿಸಿ ರೊಟ್ಟಿಯ ಮೇಲೆ ಹಿತಕಿದ ಬೇಳೆಯ ಸಾರು. ಈಗ ಬೇಳೆ ಹಿತಕಿಯೇ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ, ತಂದು ಮಾಡುತ್ತೇನೆ. ಸೊಗಡೇ ಇಲ್ಲ, ಏನು ಮಣ್ಣು ಸಾರೋ!

ಆ ಮಾಗಿಯಲ್ಲೇ ಶುರುವಾಗಿದ್ದು. ಮೊದಲು ಚಿಕ್ಕಪ್ಪನ ಚಿಕ್ಕ ಮಗನಿಗೆ ನವೆ. ಸದಾ ಚಡ್ಡಿಯೊಳಗೆ ಕೈ. "ಏನೋ ಅದು, ಕುಂಡಿ ಕೆರ್ಕೊಂಡು ಕೆರ್ಕೊಂಡು ಅದೇ ಕೈಲಿ ಮಂಡಕ್ಕಿ ತಿಂತೀಯ" ಎಂದು ದೊಡ್ಡಮ್ಮ ಬೈಯುತ್ತಿದ್ದರು. ಆಮೇಲೆ ನನಗೂ ಬಂತು. ಮಲಗಿದ ಮೇಲೆ ನವೆ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಉಚ್ಚೆ ಹೊಯ್ಯುವಾಗ ಉರಿ. ಹೆಣ್ಣುಹುಡುಗಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾಳೆಯೇ? ಉರಿ ಅಂತ ಮಾತ್ರ ಅಮ್ಮನ ಕಿವಿಯಲ್ಲಿ ಹೇಳಿದೆ. ಅಮ್ಮ ದೊಡ್ಡಮ್ಮನಿಗೆ ಹೇಳಿದರು. ದೊಡ್ಡಮ್ಮ ಕ್ಷಣವೂ ಯೋಚಿಸದೆ "ಉಷ್ಣ" ಎಂದರು.

ಉಷ್ಣಕ್ಕೆ ನಮ್ಮ ಕಡೆ ಏನು ಕೊಡುತ್ತಾರೆ? ಹೊಕ್ಕುಳಿಗೆ ಹರಳೆಣ್ಣೆ, ಹೊಟ್ಟೆಗೆ ಎಳನೀರು. ತೋಟದ ಮನೆ, ಎಳನೀರಿಗೆ ಬರವೇ? ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಪ್ಪ ಎರಡು ಕಾಯಿ ಕೆತ್ತಿಕೊಡುತ್ತಿದ್ದರು, ನನಗೊಂದು, ಜೊತೆಯವಳೆಂದು ಜಯಳಿಗೊಂದು. ಗಟಗಟ ಕುಡಿದು, ಕಾಯಿ ಹೋಳು ಮಾಡಿಸಿ, ಅದರದ್ದೇ ಸಿಪ್ಪೆಯ ಚೂರಿನಲ್ಲಿ ಒಳಗಿನ ಗಂಜಿ ಬಳಿದು ತಿನ್ನುತ್ತಿದ್ದೆವು. ಮಲಗುವ ಮುಂಚೆ ಹೊಟ್ಟೆ ತುಂಬ ಎಳನೀರು! ಇಡೀ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ.

ಒಂದು ಬೆಳಗ್ಗೆ ಎಚ್ಚರವಾದಾಗ ಜಮಖಾನ ತೊಯ್ದಿತ್ತು. ನನಗೂ ಜಯಳಿಗೂ ಇದ್ದದ್ದು ಒಂದೇ ಕರಿಕಂಬಳಿ, ಅದೂ ತೊಯ್ದಿತ್ತು. ತೊಯ್ದ ಕಂಬಳಿಯ ವಾಸನೆ ಗೊತ್ತಲ್ಲ, ಕುರಿಹಟ್ಟಿಯನ್ನೇ ಮನೆಯೊಳಗೆ ತಂದು ಕೂಡಿದ ಹಾಗೆ. ನನ್ನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡರು.

"ಯಾರೇ ಇದು?"

ಹಾಸಿಗೆಯಲ್ಲಿ ಮಾಡಿಕೊಂಡವರನ್ನು ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಒಂಟಿ ಮಲಗಿಸುತ್ತೇನೆ ಎಂದು ಅವರು ಚಿಕ್ಕಪ್ಪನ ಚಿಕ್ಕ ಮಗನನ್ನು ಹಿಂದಿನ ವಾರವೇ ಹೆದರಿಸಿದ್ದರು. ಪಡಸಾಲೆಯ ಕತ್ತಲೆಗಿಂತ ನನಗೆ ಹೆದರಿಕೆಯಾದದ್ದು ಸಾಲಿನಿಂದ ಎಬ್ಬಿಸುತ್ತಾರೆ, ಜಯಳ ಪಕ್ಕದಿಂದ ಎಬ್ಬಿಸುತ್ತಾರೆ ಎಂದು. ಬಾಯಿ ತನ್ನಷ್ಟಕ್ಕೆ ತಾನು ಹೇಳಿಬಿಟ್ಟಿತು.

"ಜಯ ಮಾಡ್ಕೊಂಡವ್ಳೆ ದೊಡ್ಡಮ್ಮ. ನಂದೂ ಒದ್ದೆ ಮಾಡ್ಬಿಟ್ಳು."

ಜಯ ಕಣ್ಣುಜ್ಜುತ್ತ ಎದ್ದು ಕೂತಳು. ತನ್ನ ಲಂಗ ಮುಟ್ಟಿ ನೋಡಿಕೊಂಡಳು. ಒಂದೇ ಕಂಬಳಿಯಲ್ಲಿ ಮಲಗಿದವಳ ಲಂಗ ಒದ್ದೆಯಾಗದೆ ಇರುತ್ತದೆಯೇ? ಅವಳ ನಿದ್ದೆಯೋ, ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಮಲಗಿಸಿದರೂ ಗೊತ್ತಾಗದ ನಿದ್ದೆ.

"ನಂಗೆ ಎಚ್ಚರಾನೇ ಆಗ್ಲಿಲ್ಲ ದೊಡ್ಡತ್ತೆ" ಎಂದಳು. ಅಷ್ಟೇ. ನಾನಲ್ಲ ಅನ್ನಲಿಲ್ಲ. ನಾನು ಹೇಳಿದ್ದನ್ನು ಅವಳೇ ಮೊದಲು ನಂಬಿದಳು.

ಸುಳ್ಳು ಹೇಳಿದ್ದು ಅದೊಂದೇ ಸಲ, ದೇವರಾಣೆ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಕಂಬಳಿ ತೊಯ್ಯುತ್ತಿತ್ತು, ಎಲ್ಲರೂ ಜಯಳ ಮುಖ ನೋಡುತ್ತಿದ್ದರು. ಅವಳನ್ನು ಬೇರೆ ಮಲಗಿಸಿದ್ದರೆ ಮಾರನೆಯ ಬೆಳಗ್ಗೆಯೇ ನನ್ನ ಗುಟ್ಟು ರಟ್ಟಾಗುತ್ತಿತ್ತು. ಆದರೆ ದೊಡ್ಡಮ್ಮ ಒಪ್ಪಲಿಲ್ಲ. "ಕೊಟ್ಟ ಹೆಣ್ಮಗಳ ಕೂಸು. ಈ ಚಳೀಲಿ ಗೋಣಿಚೀಲದ ಮೇಲೆ ಮಲಗಿಸಿದ್ರು ಅಂತ ನಾಳೆ ಮಾತು ಬರ್ತದೆ" ಎಂದರು. ಮಾತಿಗೆ ಅಷ್ಟು ಹೆದರುತ್ತಿದ್ದರು ಅವರು. ಸಂಜೆ ಜಯಳಿಗೆ ಎರಡು ಎಳನೀರು ಕೊಡಿಸತೊಡಗಿದರು, ಜೊತೆಗೆ ನನಗೂ.

ಇಬ್ಬರೂ ಸೇರಿ ಬಾವಿಕಟ್ಟೆಯ ಮೇಲೆ ಕಂಬಳಿಯ ತುದಿ ತೊಳೆಯುತ್ತಿದ್ದೆವು. ನಾನೇ ನೀರು ಸೇದಿ ಹೊಯ್ಯುತ್ತಿದ್ದೆ. ಹಿಂಡಿ ಗೋಡೆಯ ಮೇಲೆ ಹಾಕಿದರೆ ಬೀದಿಯಲ್ಲಿ ಹೋಗುವವರು "ಏನಮ್ಮಾ, ದಿನಾ ಕಂಬಳಿ ಒಗಿತೀರಿ?" ಎಂದು ಕೇಳುತ್ತಿದ್ದರು. ಜಯ ಕುತ್ತಿಗೆ ಬಗ್ಗಿಸುತ್ತಿದ್ದಳು.

"ಸ್ಕೂಲಲ್ಲಿ ಯಾರ್ಗೂ ಹೇಳ್ಬೇಡ ಕಣೇ."

"ನಾನ್ಯಾಕೆ ಹೇಳ್ಲಿ?"

"ನೀನು ಎಷ್ಟು ಒಳ್ಳೆಯೋಳೇ" ಎಂದಳು ಒಂದು ದಿನ. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ನಾನು ಆಗ ಹೇಳಿಬಿಡಬೇಕಿತ್ತು. ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ಏಟು ಬೀಳುತ್ತಿತ್ತು, ನಾಲ್ಕು ದಿನ ಗೋಣಿಚೀಲ. ಇವತ್ತು ಲೆಕ್ಕ ಹಾಕಿದರೆ ಎಷ್ಟು ಸೋವಿ! ಆದರೆ ಅವಳು ಕೈ ಹಿಡಿದಿದ್ದಳಲ್ಲ, ಹೇಳಿದರೆ ಬಿಡುತ್ತಾಳೆ ಅನ್ನಿಸಿತು. ಬಾಯಿ ಮುಚ್ಚಿಕೊಂಡು ನೀರು ಸೇದಿದೆ.

ಪುಷ್ಯಮಾಸದ ಕೊನೆಗೆ ದೊಡ್ಡಮ್ಮ ಅತ್ತೆಗೆ ಹೇಳಿಕಳಿಸಿದರು. ನಮ್ಮೂರ ನೀರು ಮಗೂಗೆ ಆಗಿಬರಲಿಲ್ಲ, ಒಂದಿಷ್ಟು ದಿನ ಕರೆದುಕೊಂಡು ಹೋಗು ಅಂತ. ಒಂದು ಭಾನುವಾರ ಮಧ್ಯಾಹ್ನ ಅತ್ತೆ ಬಂದರು. ಗೋಡೆಯ ಮೇಲಿದ್ದ ಕಂಬಳಿ ನೋಡಿದರು, ಮಗಳ ಮುಖ ನೋಡಿದರು. ಊಟಕ್ಕೆ ಎಬ್ಬಿಸಿದರೆ ಹಸಿವಿಲ್ಲ ಎಂದರು. ತವರಿಗೆ ಬಂದ ಹೆಣ್ಣುಮಗಳು ಊಟ ಬೇಡ ಅಂದರೆ ಅದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೀರೂರಿನ ಬಸ್ಸು ನಮ್ಮೂರಿಗೆ ಬರುತ್ತಿದ್ದದ್ದು ಮೂರೂವರೆಗೆ. ನಾನೂ ಅವರ ಹಿಂದೆ ಬಸ್ಸಿನ ಕಟ್ಟೆಯವರೆಗೂ ಹೋದೆ. ದಾರಿಯುದ್ದಕ್ಕೂ ಹೇಳುತ್ತೇನೆ, ಈಗ ಹೇಳುತ್ತೇನೆ, ಆ ಹುಣಸೆಮರ ಬರಲಿ ಹೇಳುತ್ತೇನೆ ಅಂದುಕೊಂಡೆ. ಹುಣಸೆಮರ ಬಂತು, ದಾಟಿತು. ಬಸ್ಸು ಹತ್ತುವ ಮುಂಚೆ ಜಯ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ವಾಸಿಯಾದ್ಮೇಲೆ ಬತ್ತೀನಿ. ಅಲ್ಲೀತನ್ಕ ನನ್ ಜಾಗದಲ್ಲಿ ಯಾರ್ನೂ ಮಲಗಿಸ್ಬೇಡ."

ತಲೆಯಾಡಿಸಿದೆ. ಬಸ್ಸು ಹೋಯ್ತು.

ಅದು ಭಾನುವಾರ. ಮಂಗಳವಾರ ನರ್ಸಮ್ಮ ಬಂದರು.

ಬಿಳಿ ಸೀರೆಯ, ಕೊಡೆ ಹಿಡಿದು ಊರಿಂದೂರಿಗೆ ನಡೆಯುತ್ತಿದ್ದ ಗಟ್ಟಿ ಹೆಂಗಸು. ಲಸಿಕೆ ಹಾಕಲು ಬಂದವರು ಜಗಲಿಯಲ್ಲಿ ನೀರು ಕುಡಿಯುತ್ತ ಕೂತಿದ್ದಾಗ ಚಿಕ್ಕಪ್ಪನ ಚಿಕ್ಕ ಮಗ ಅವರೆದುರೇ ಚಡ್ಡಿಗೆ ಕೈ ಹಾಕಿದ. ಅವನನ್ನು ಹಿಡಿದು ತಿರುಗಿಸಿ ನೋಡಿದರು.

"ಅಯ್ಯೋ, ಹುಳ ಕಣ್ರೀ. ಬಿಳೀ ದಾರದ ಚೂರಿನಂಗಿರ್ತಾವೆ. ನೋಡ್ಬನ್ನಿ ಬೇಕಾದ್ರೆ."

"ನಮ್ಮನೇಲಿ ಹುಳಾನಾ?" ದೊಡ್ಡಮ್ಮನ ಮುಖ ಕೆಂಪಾಯಿತು.

"ನಿಮ್ಮನೇಲಿ ಏನಮ್ಮಾ, ತಹಶೀಲ್ದಾರ್ರ ಮನೇಲೂ ಇರ್ತಾವೆ. ಒಬ್ಬರಿಗಿದ್ರೆ ಜೊತೇಲಿ ಮಲಗೋರಿಗೆಲ್ಲ. ಉಗುರಲ್ಲಿ ಬರ್ತಾವೆ, ಹಾಸಿಗೇಲಿ ಬರ್ತಾವೆ. ಹೆಣ್ಮಕ್ಕಳಿಗಂತೂ ಮುಂದಕ್ಕೂ ಹರಿದು ಉರಿಮೂತ್ರ ಆಗ್ತದೆ, ಹಾಸಿಗೇಲೇ ಮಾಡ್ಕೊಂಬಿಡ್ತಾವೆ ಪಾಪ. ಬೈಬಾರದು ಅವನ್ನ."

ಕಂಬದ ಹಿಂದೆ ನಿಂತಿದ್ದೆ.

"ಈ ಮನೇಲಿ ಯಾರಾದ್ರೂ ಹಾಸಿಗೇಲಿ ಮಾಡ್ಕೊಂತಾರೇನಮ್ಮ?" ನರ್ಸಮ್ಮ ಕೇಳಿದರು.

"ಒಂದು ಹುಡುಗಿ ಇತ್ತು, ನಮ್ಮ ನಾದಿನಿ ಮಗಳು. ಮೊನ್ನೆ ಊರಿಗೆ ಹೋಯ್ತು. ಈಗ ಯಾರೂ ಇಲ್ಲ."

ನರ್ಸಮ್ಮ ನನ್ನನ್ನು ನೋಡಿದರು. ಎರಡು ದಿನದಿಂದ ಹೊಟ್ಟೆನೋವೆಂದು ಎಳನೀರು ಬಿಟ್ಟಿದ್ದೆ, ಹೆದರಿಕೆಗೆ ನಿದ್ದೆಯನ್ನೂ ಬಿಟ್ಟಿದ್ದೆ. ಕಣ್ಣು ಕೆಂಪಗಿದ್ದಿರಬೇಕು. "ನಿಂಗೇನಮ್ಮಾ?" ಎಂದರು. ಆ ಹೆಂಗಸಿನ ಮುಖದಲ್ಲಿ ಬೈಗುಳದ ಸುಳಿವೂ ಇರಲಿಲ್ಲ. ಅಷ್ಟು ಸುಲಭದ ಪ್ರಶ್ನೆಯನ್ನು ನನಗೆ ಆಮೇಲೆ ಯಾರೂ ಕೇಳಿಲ್ಲ.

"ಏನಿಲ್ಲ" ಎಂದೆ.

ಇಡೀ ಮನೆಗೆ ಒಂದೇ ದಿನ ಮಾತ್ರೆ. ದೊಡ್ಡಪ್ಪನಿಂದ ಹಿಡಿದು ಎಲ್ಲರಿಗೂ ಚೀಪಿ ಅಗಿಯಬೇಕಾದ ಒಂದೊಂದು ಬಿಲ್ಲೆ. ಸುಣ್ಣಕ್ಕೆ ಸಕ್ಕರೆ ಬೆರೆಸಿದಂಥ ರುಚಿ. ಹದಿನೈದು ದಿನಕ್ಕೆ ಇನ್ನೊಂದು. ಉಗುರೆಲ್ಲ ಬುಡಕ್ಕೆ ಕತ್ತರಿಸಿ, ಬಟ್ಟೆ ಜಮಖಾನ ಎಲ್ಲ ಕುದಿಯುವ ಹಂಡೆಗೆ ಹಾಕಿ ಎಂದರು. ಮಕ್ಕಳನ್ನು ಒಂದೇ ಹೊದಿಕೆಯಲ್ಲಿ ಮಲಗಿಸಬೇಡಿ, ಬೇರೆ ಬೇರೆ ಚಾಪೆ ಹಾಕಿ ಎಂದೂ ಹೇಳಿದರು. ದೊಡ್ಡಮ್ಮ ಜಯಳಿಗೂ ಎರಡು ಮಾತ್ರೆ ಕೇಳಿ ಇಸಿದುಕೊಂಡು, ಕಾಗದದಲ್ಲಿ ಸುತ್ತಿ, ಆ ಕಡೆ ಹೋಗುವವರ ಕೈಲಿ ಅತ್ತೆಯ ಊರಿಗೆ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು. ಆದರೆ ಅತ್ತೆಗೆ ಅದು ಗಾಯದ ಮೇಲೆ ಉಪ್ಪು ಹಾಕಿದ ಹಾಗಾಯಿತು. "ನನ್ನ ಮಗಳಿಗೆ ಹುಳ ಅಂತ ಊರಿಗೆಲ್ಲ ಸಾರಿ ಮಾತ್ರೆ ಕಳಿಸ್ತಾಳಾ?" ಎಂದು ಪೊಟ್ಟಣವನ್ನು ತಿಪ್ಪೆಗೆ ಎಸೆದರಂತೆ. ಯುಗಾದಿಗೆ ಬರಲಿಲ್ಲ. ಗೌರಿಹಬ್ಬದ ಬಾಗಿನಕ್ಕೂ ಬರಲಿಲ್ಲ.

ನನಗೋ, ವಾರದಲ್ಲಿ ನವೆ ಹೋಯಿತು, ಉರಿ ಹೋಯಿತು. ಬೆಳಗ್ಗೆ ಎದ್ದರೆ ಮೈ ಒಣಗಿರುತ್ತಿತ್ತು. ಊಟ ಸೇರತೊಡಗಿತು, ಕೆನ್ನೆ ತುಂಬಿಕೊಂಡವು. ಆ ಮಾತ್ರೆ ನನ್ನನ್ನು ಪೂರ್ತಿ ವಾಸಿಮಾಡಿತು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡಮ್ಮ ಒಣಗಿದ ಕಂಬಳಿಯನ್ನು ಮಡಿಸುತ್ತ ನಮ್ಮಮ್ಮನಿಗೆ ಹೇಳಿದರು:

"ನೋಡಿದ್ಯಾ, ಆ ಹುಡುಗಿ ಹೋದ್ಮೇಲೆ ಒಂದಿನಾನೂ ಒದ್ದೆಯಾಗಿಲ್ಲ."

ನಾನು ವಾಸಿಯಾದದ್ದೇ ಜಯಳ ತಪ್ಪಿಗೆ ಸಾಕ್ಷಿಯಾಯಿತು. ಅವಳನ್ನು ಮತ್ತೆ ಕರೆಸುವ ಮಾತು ಅಲ್ಲಿಗೆ ನಿಂತಿತು.

ನನ್ನ ಪಾಲಿಗೆ ಒಂದು ಹೊಸ ಚಾಪೆ ಬಂತು, ಒಂದು ಹೊಸ ಹೊದಿಕೆ ಬಂತು. ಎಷ್ಟು ದಿನ ನಿದ್ದೆ ಬರಲಿಲ್ಲವೋ. ಜಯ ನಿದ್ದೆಯಲ್ಲಿ ಮಗ್ಗಿ ಗೊಣಗುತ್ತಿದ್ದಳು, ಹದಿಮೂರರ ಮಗ್ಗಿಯಲ್ಲಿ ಯಾವಾಗಲೂ ಎಂಟಕ್ಕೆ ಬಂದು ನಿಲ್ಲುತ್ತಿದ್ದಳು. ಆ ಗೊಣಗು ಕೇಳದೆ ಮನೆ ಮನೆಯ ಹಾಗೆ ಇರಲಿಲ್ಲ. ಅವಳ ಕಾಲು ಚಳಿಗೆ ತಣ್ಣಗಾಗಿ ನನ್ನ ಕಾಲು ಹುಡುಕಿಕೊಂಡು ಬರುತ್ತಿತ್ತು. ಅದೆಲ್ಲ ಬೇಕು ಅನ್ನಿಸುತ್ತಿತ್ತು. ಈಗಲೂ ಬೇಕು ಅನ್ನಿಸುತ್ತದೆ, ಈ ವಯಸ್ಸಲ್ಲಿ ಹೇಳಿಕೊಳ್ಳಲು ನಾಚಿಕೆಯೇನು.

ಟೀಚರ್ ಆದದ್ದು ನಾನು. ಲೆಕ್ಕ ಬರದ ನಾನು! ಕಡೂರಿನಲ್ಲಿ ಮನೆ ಮಾಡಿಕೊಂಡು ಹತ್ತಿರದ ಹಳ್ಳಿಯ ಶಾಲೆಗೆ ಹೋಗಿಬರುತ್ತೇನೆ. ವರ್ಷಕ್ಕೆರಡು ಸಲ ಶಾಲೆಗೆ ಹುಳದ ಮಾತ್ರೆ ಬರುತ್ತದೆ. ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರಿಗೂ ಅಗಿಸಿ, ಬಾಯಿ ತೆರೆಸಿ ನೋಡುವುದು ನನ್ನ ಕೆಲಸ. ಹೋದ ವರ್ಷ ಆ ಕೆಲಸ ಮಾಡುತ್ತಿದ್ದಾಗ ಒಂದು ಹುಡುಗಿ "ಮಿಸ್, ಇವ್ಳು ಹಾಸಿಗೇಲಿ ಮಾಡ್ಕೊತಾಳೆ, ಇವ್ಳಿಗೆ ಎರಡು ಕೊಡಿ" ಎಂದು ಪಕ್ಕದವಳನ್ನು ತೋರಿಸಿ ಕಿಸಕ್ಕನೆ ನಕ್ಕಿತು. ಪಕ್ಕದ ಮಗು ಕುತ್ತಿಗೆ ಬಗ್ಗಿಸಿತು. ನನಗೆ ಆಮೇಲೆ ಪಾಠ ಮಾಡಲಾಗಲಿಲ್ಲ.

ಆ ಶನಿವಾರವೇ ತರೀಕೆರೆಗೆ ಹೋದೆ. ಜಯ ಈಗ ಇರುವುದು ಅಲ್ಲೇ. ಗಂಡನದು ಹಿಟ್ಟಿನ ಗಿರಣಿ, ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದೆ. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು, ನಗುನಗುತ್ತ ಮಾತಾಡುತ್ತಿದ್ದೆವು. ಆದರೆ ಎಷ್ಟೇ ಹತ್ತಿರದವರ ಮನೆಯಾದರೂ ಜಯ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಗಿರಣಿ, ಗಂಡ ಅಂತ ಏನೋ ನೆಪ ಹೇಳುತ್ತಿದ್ದಳು. ನಾನೂ ನಂಬಿದ್ದೆ.

ಊಟಕ್ಕೆ ಮುಂಚೆ ಇಬ್ಬರೇ ಅಡುಗೆಮನೆಯಲ್ಲಿ ಕೂತಿದ್ದೆವು. ಅವಳು ಸೊಪ್ಪು ಸೋಸುತ್ತಿದ್ದಳು.

"ಒಂದೆರಡು ದಿನ ನಮ್ಮನೇಲಿ ಇದ್ದು ಹೋಗೇ" ಎಂದೆ.

"ನಾನು ಎಲ್ಲೂ ಉಳ್ಕೊಳ್ಳಲ್ಲ ಕಣೇ. ನಿಂಗೊತ್ತಲ್ಲ, ನನ್ ಕಥೆ." ನಕ್ಕಳು.

"ಯಾವ್ ಕಥೆ?"

"ನಿಮ್ಮನೆ ಕಂಬಳೀದು. ಊರಿಗೆ ಬಂದ್ಮೇಲೆ ಒಂದ್ಸಲಾನೂ ಆಗ್ಲಿಲ್ಲ. ಬೇರೆಯವ್ರ ಮನೇಲಿ ಮಲಗಿದ್ರೆ ಹಂಗಾಗ್ತದೆ ನಿಂಗೆ ಅಂತ ಅಮ್ಮ ಅಂದ್ಳು. ಅದೇ ಮನ್ಸಲ್ಲಿ ಕೂತ್ಬಿಡ್ತು ನೋಡು. ಆಮೇಲೆ ದಿನಾ ಅಜ್ಜಂಪುರಕ್ಕೆ ನಡ್ಕೊಂಡು ಹೋಗಿ ಓದ್ದೆ. ಏಳನೇ ಕ್ಲಾಸು ಮುಗಿದಾಗ ಅಲ್ಲಿನ ಮೇಷ್ಟ್ರು ಇದೇ ತರೀಕೆರೇಲಿ ಹಾಸ್ಟೆಲ್ ಸೀಟು ಕೊಡಿಸಿದ್ರು. ನಾನೇ ಒಲ್ಲೆ ಅಂದೆ. ಅಷ್ಟು ಹುಡುಗೀರ ಮಧ್ಯೆ ಆಗ್ಬಿಟ್ರೆ ಅಂತ."

ಇದು ನನಗೆ ಗೊತ್ತಿರಲಿಲ್ಲ. ಮನೆಯವರು ಓದಿಸಲಿಲ್ಲ ಎಂದೇ ಅಷ್ಟು ವರ್ಷ ತಿಳಿದಿದ್ದೆ.

ಹೇಳಿದೆ. ಎಲ್ಲ ಹೇಳಿದೆ. ಆ ಬೆಳಗಿನದು, ನರ್ಸಮ್ಮ ಕೇಳಿದ್ದು, ನಾನು ಏನಿಲ್ಲ ಅಂದದ್ದು. ಜಯ ಸೊಪ್ಪು ಕೆಳಗಿಟ್ಟಳು.

"ನಾನಲ್ವಾ?" ಎಂದಳು.

"ಅಲ್ಲ."

"ಒಂದ್ಸಲಾನೂ ಅಲ್ವಾ?"

"ಒಂದ್ಸಲಾನೂ ಅಲ್ಲ ಕಣೇ."

ಹೊರಗೆ ಗಿರಣಿ ಓಡುತ್ತಿತ್ತು.

"ಹಂಗಾದ್ರೆ ಹಾಸ್ಟೆಲ್‌ಗೆ ಹೋಗ್ಬೋದಿತ್ತು ನಾನು" ಎಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎದ್ದು ತಟ್ಟೆ ಹಾಕಿದಳು, ಅನ್ನ ಬಡಿಸಿದಳು, ಮೇಲೆ ಎರಡು ಸಲ ತುಪ್ಪ ಹಾಕಿದಳು. ಬಸ್‌ಸ್ಟ್ಯಾಂಡಿನವರೆಗೂ ಬಂದು ಹತ್ತಿಸಿ ಹೋದಳು.

ಈಗಲೂ ಫೋನು ಮಾಡಿದರೆ ಮಾತಾಡುತ್ತಾಳೆ. ಯುಗಾದಿಯ ಹೊತ್ತಿಗೆ ಶಿವಮೊಗ್ಗದಲ್ಲಿ ಮಗಳ ಮನೆಗೆ ಹೋಗಿ ಒಂದು ವಾರ ಇದ್ದು ಬಂದಳಂತೆ, ಮದುವೆ ಮಾಡಿಕೊಟ್ಟ ಮೇಲೆ ಅಲ್ಲಿ ರಾತ್ರಿ ಉಳಿದದ್ದು ಅದೇ ಮೊದಲು. ಆಮೇಲೆ ಹೆಂಗಸರ ಸಂಘದವರ ಜೊತೆ ಯಾತ್ರೆಗೂ ಹೋದಳು. ನಾಲ್ಕು ರಾತ್ರಿ, ನಾಲ್ಕು ಊರು. "ಏನ್ ನಿದ್ದೆ ಅಂತೀಯಾ!" ಎಂದು ಫೋನಿನಲ್ಲಿ ನಕ್ಕಳು. ಆ ನಗು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಹಾಗಾದರೆ ನಮ್ಮನೆಗೂ ಬಾರೇ, ಒಂದು ರಾತ್ರಿಯಾದರೂ ಇರು ಎಂದೆ. "ನೋಡಣ" ಎಂದಳು.

ತರೀಕೆರೆಯಿಂದ ಕಡೂರಿಗೆ ಬಸ್ಸಿಗೇನು ಬರವಿಲ್ಲ, ರೈಲೂ ಇದೆ. ಜಯ ಈಗ ಎಲ್ಲರ ಮನೆಯಲ್ಲೂ ಉಳಿಯುತ್ತಾಳೆ. ನನ್ನ ಮನೆಗೆ ಇನ್ನೂ ಬಂದಿಲ್ಲ.